ತಮ್ಮಾ, ಆ 32ರ ಫೋರ್ಡ್‌ಗೆ ಪೇಂಟ್ ಮಾತ್ರ ಹೊಡೆಸ್ಬೇಡ

ನೀನು ಕೇಳಿರೋದು ನಾಲ್ಕು ವಿಷಯ. ಕ್ಯಾಲಿಫೋರ್ನಿಯಾಗೆ ಹೊಸಬ, ಮನೆ ಎಲ್ಲಿ ಹಿಡೀಲಿ, ಕ್ರೆಡಿಟ್ ಸ್ಕೋರ್ ಹೇಗೆ, ಅಮ್ಮನ್ನ ಯಾವಾಗ ಕರೆಸ್ಲಿ ಅಂತ. ಆಮೇಲೆ ಕೊನೇಲಿ ಮೆಲ್ಲಗೆ, ಈಗಿರೋ ರೂಮಿನ ಓನರ್ ತಾತನ ಗ್ಯಾರೇಜಲ್ಲಿ 1932ರ ಫೋರ್ಡ್ ರೋಡ್‌ಸ್ಟರ್ (ಮೇಲೆ ಗಟ್ಟಿ ಛಾವಣಿ ಇಲ್ಲದ ಕಾರು) ಇದೆ, 1950ರ ಸುಮಾರಿಗೆ ಎಲ್ ಮಿರಾಜ್ ಅನ್ನೋ ಒಣಗಿದ ಕೆರೆ ಬಯಲಲ್ಲೂ ಬಾನ್‌ವಿಲ್ ಉಪ್ಪಿನ ಬಯಲಲ್ಲೂ ರೇಸ್ ಓಡಿದ್ದಂತೆ, ತಗೊಂಡು ರೆಸ್ಟೋರ್ ಮಾಡಿಸ್ಲಾ ಅಕ್ಕ ಅಂತ.

ಮನೆ ಆಫೀಸ್ ಹತ್ರಾನೇ ಹಿಡಿ. ಸೆಕ್ಯೂರ್ಡ್ ಕಾರ್ಡ್ (ಡಿಪಾಸಿಟ್ ಇಟ್ಟು ತಗೊಳ್ಳೋ ಕ್ರೆಡಿಟ್ ಕಾರ್ಡ್) ಒಂದು ತಗೊಂಡು ತಿಂಗಳು ತಿಂಗಳು ಪೂರ್ತಿ ಕಟ್ಟು. ಅಷ್ಟೇ, ಇದನ್ನ ಹೇಳೋರು ನೂರು ಜನ ಸಿಗ್ತಾರೆ.

ಕಾರಿನ ವಿಷಯಕ್ಕೆ ಬರ್ತೀನಿ. ನಾನು ಮದುವೆಯಾಗಿ ಈ ಕಡೆ ಬಂದ ಹೊಸದ್ರಲ್ಲಿ, ಆಗಸ್ಟ್ ತಿಂಗಳು, ಪಕ್ಕದ ಮನೆಯವರು ಟ್ರೈಲರ್‌ನಿಂದ ಒಂದು ಹಳೇ ಗಾಡಿ ಇಳಿಸಿ ಅದರ ಅಡಿ ಮಲಗಿ ನೀರಿನ ಪೈಪ್ ಹಿಡ್ಕೊಂಡು ತೊಳೀತಾನೇ ಇದ್ರು, ಎಲ್ಲಿ ನೋಡಿದ್ರೂ ಬಿಳೀ ಉಪ್ಪು ಅಂಟ್ಕೊಂಡಿತ್ತು. ಬೀಚಿಗೆ ಹೋಗಿದ್ರಾ ಅಂತ ಕೇಳಿದೆ, ಬಿದ್ದು ಬಿದ್ದು ನಕ್ರು, ಯೂಟಾದ ಬಾನ್‌ವಿಲ್ ಉಪ್ಪಿನ ಬಯಲಿಂದ ಬಂದಿದ್ರು. ನಮ್ಮಪ್ಪಂದು ದಾವಣಗೆರೆ ಪಿ.ಬಿ. ರೋಡಲ್ಲಿ ಗ್ಯಾರೇಜ್, ಅಂಬಾಸಿಡರ್ ಮೆಟಡಾರ್ ಮಧ್ಯೆ ಬೆಳ್ದೋಳು ನಾನು, ಈ ದೇಶದಲ್ಲಿ ಮೊದಲು ಮನಸ್ಸು ಹಗುರ ಆಗಿದ್ದು ಅವರ ಗ್ಯಾರೇಜಿನ ಗ್ರೀಸ್ ವಾಸನೆಗೆ ಅಂದ್ರೆ ನೀನು ನಗಬೇಡ.

ಆ ಪಕ್ಕದ ಮನೆಯವರಿಂದಾನೇ ಕಲ್ತಿದ್ದು ಇದೆಲ್ಲ. 32ರ ಫೋರ್ಡ್‌ನ ಫ್ಲಾಟ್‌ಹೆಡ್ ವಿ8 ಎಂಜಿನ್ ಕಂಪನಿಯಿಂದ ಬಂದಾಗ 65 ಹಾರ್ಸ್‌ಪವರ್ ಅಷ್ಟೇ. ಹುಡುಗರು ಹಳೇ ಗಾಡಿ ಅಗ್ಗಕ್ಕೆ ತಗೊಂಡು, ಕಾರ್ಬ್ಯುರೇಟರ್ ಎರಡು ಮೂರು ಕೂರ್ಸಿ, ವಾರದ ಕೊನೇಲಿ ಒಣಗಿದ ಕೆರೆ ಬಯಲಿಗೆ ಅದನ್ನೇ ಓಡಿಸ್ಕೊಂಡು ಹೋಗಿ, ಅಲ್ಲಿ ಫೆಂಡರ್, ಹೆಡ್‌ಲೈಟ್, ವಿಂಡ್‌ಶೀಲ್ಡ್ ಎಲ್ಲ ಬಿಚ್ಚಿಟ್ಟು ರೇಸ್ ಓಡ್ಸಿ, ವಾಪಸ್ ಫಿಟ್ ಮಾಡ್ಕೊಂಡು ಸೋಮವಾರ ಅದೇ ಗಾಡೀಲಿ ಕೆಲಸಕ್ಕೆ. ಟೈಮ್ ಹಿಡಿಯೋಕೆ 1937ರಲ್ಲೇ ಎಸ್‌ಸಿಟಿಎ (ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್) ಅಂತ ಸಂಘ ಕಟ್ಟಿದ್ರು. ಮೊದಲು ಓಡಿಸ್ತಿದ್ದ ಮುರಾಕ್ ಒಣ ಕೆರೆ ಮಿಲಿಟರಿಯವರಿಗೆ ಹೋಯ್ತು, ಎಲ್ ಮಿರಾಜ್ ಉಳೀತು, ಅದು ಸಾಲ್ದೆ 1949ರಿಂದ ಬಾನ್‌ವಿಲ್‌ನಲ್ಲಿ ಸ್ಪೀಡ್ ವೀಕ್ ಅಂತ ರೇಸ್ ವಾರ.

ಆದ್ರಿಂದ ತಾತ ಹೇಳೋದು ನಿಜಾನೂ ಇರಬಹುದು. ಆದ್ರೆ 32ರ ಬಾಡಿ ಫೈಬರ್‌ನಲ್ಲೂ ಸ್ಟೀಲ್‌ನಲ್ಲೂ ಹೊಸದಾಗೇ ಮಾಡಿ ಮಾರ್ತಾರೆ, ಓಡಾಡೋ 32ಗಳಲ್ಲಿ ಎಷ್ಟೋ 32 ಅಲ್ವೇ ಅಲ್ಲ. ಫ್ರೇಮ್ ಮೇಲಿನ ನಂಬರೂ ಪಿಂಕ್ ಸ್ಲಿಪ್ (ಗಾಡಿ ಯಾರದು ಅನ್ನೋ ಕಾಗದ) ನಂಬರೂ ಒಂದೇನಾ ನೋಡು. ಡ್ಯಾಶ್ ಮೇಲೆ ಟೈಮಿಂಗ್ ಟ್ಯಾಗ್ (ರೇಸಲ್ಲಿ ಓಡಿದ ಸ್ಪೀಡ್ ಬರ್ದು ಕೊಡೋ ಸಣ್ಣ ತಗಡು) ಇದ್ರೆ ಹೆಸರು, ತಾರೀಕು, ಸ್ಪೀಡ್ ಓದ್ಕೊ, ಆದ್ರೆ ಟ್ಯಾಗ್ ಬೇರೆ ಗಾಡಿಯಿಂದ ಕಿತ್ತು ಹಾಕಬಹುದು, ಅದಕ್ಕೇ ಹಳೇ ಫೋಟೋ ಇದ್ಯಾ ಕೇಳಿ ಫೈರ್‌ವಾಲ್‌ನ (ಎಂಜಿನ್‌ಗೂ ಸೀಟಿಗೂ ಮಧ್ಯದ ತಗಡಿನ) ತೂತು, ಡ್ಯಾಶ್‌ನ ತೂತು ಎಲ್ಲೆಲ್ಲಿವೆ ಅಂತ ಫೋಟೋ ಜೊತೆ ಹೋಲಿಸು. ತೂತನ್ನ ಸುಳ್ಳು ಮಾಡೋಕೆ ಹೋಗೋರು ಕಮ್ಮಿ.

ಇನ್ನು ರೆಸ್ಟೋರ್. ನಮ್ಮ ಕಡೆ ಹಳೇ ಗಾಡಿ ಕೈಗೆ ಬಂತು ಅಂದ್ರೆ ಮೊದಲು ಟಿಂಕರಿಂಗ್, ಆಮೇಲೆ ಪೇಂಟಿಂಗ್, ಆಯುಧಪೂಜೆ ಹೊತ್ತಿಗೆ ಪಳಪಳ, ನಿಂಗೆ ಹೇಳ್ಬೇಕಾಗಿಲ್ಲ. ಇಲ್ಲಿ ಅದೇ ನಷ್ಟ. ಬಾಗಿಲ ಮೇಲೆ ಕೈಯಲ್ಲಿ ಬರ್ದ ನಂಬರ್ ಮಾಸಿರ್ಲಿ, ಬಿಡು ಹಾಗೇ. ಉಪ್ಪು ಕೂತಿರೋ ಸಂದು ತೊಳೆದು ತುಕ್ಕು ನಿಲ್ಸು, ಬ್ರೇಕ್ ಸರಿ ಮಾಡ್ಸು (1932ರದ್ದು ರಾಡ್ ಬ್ರೇಕು, ಹೈಡ್ರಾಲಿಕ್ ಬದಲಾಯ್ಸಿದಾರಾ ನೋಡು), ಅಷ್ಟಕ್ಕೆ ನಿಲ್ಲು. 1997ರಲ್ಲಿ ಪೆಬಲ್ ಬೀಚ್‌ನಂಥ ಶ್ರೀಮಂತರ ಕಾರ್ ಶೋನೇ ಹಾಟ್ ರಾಡ್‌ಗೆ (ಹೀಗೆ ಸ್ಪೀಡಿಗೆ ಅಂತ ಬದಲಾಯ್ಸಿದ ಹಳೇ ಗಾಡಿಗೆ) ಜಾಗ ಕೊಡ್ತು, ಡೋನ್ ಸ್ಪೆನ್ಸರ್ ಅನ್ನೋರು ಹಿಂದೆ ಕಟ್ಟಿದ್ದ 32ರ ರೋಡ್‌ಸ್ಟರ್ ಅಲ್ಲಿ ಗೆದ್ದಿದ್ದು. ಇತಿಹಾಸ ಇರೋ ಗಾಡಿಗೆ ಅದ್ರಿಂದ ಮರ್ಯಾದೆ.

ಆದ್ರೂ ನನ್ನ ಕೇಳಿದ್ರೆ ಈಗ್ಲೇ ದುಡ್ಡು ಹಾಕ್ಬೇಡ. ನಿಂದು ಎಚ್1ಬಿ ವೀಸಾ, ಕೆಲಸ ಹೋದ್ರೆ ಇಲ್ಲಿರೋಕೆ ಹೆಚ್ಚಂದ್ರೆ 60 ದಿನ, ಅಷ್ಟ್ರಲ್ಲಿ ಈ ಗಾಡಿಗೆ ಸರಿಯಾದ ಗಿರಾಕಿ ಹುಡುಕೋಕಾಗುತ್ತಾ? ಗ್ರೀನ್ ಕಾರ್ಡ್ ಬರ್ಲಿ ಅಂತೀನಿ, ಅದೂ ಯಾವಾಗ್ಲೋ.

ಅಮ್ಮನ್ನ ಮಾತ್ರ ಕಾಯಿಸ್ಬೇಡ. 2014ರಲ್ಲಿ ಸ್ಪೀಡ್ ವೀಕ್ ತೋರ್ಸೋಕಂತಾನೇ ಅಪ್ಪನ್ನ ಆಗಸ್ಟ್‌ಗೆ ಕರೆಸಿದ್ವಿ. ಮಳೆ ಬಂದು ಬಯಲೆಲ್ಲ ನೀರು, ಕ್ಯಾನ್ಸಲ್. ಮುಂದಿನ ವರ್ಷ ನೋಡಿದ್ರಾಯ್ತು ಬಿಡಮ್ಮ ಅಂದ್ರು. 2015ರಲ್ಲಿ ಕೆಸರು, ಉಪ್ಪೂ ತೆಳು, ಮತ್ತೆ ಕ್ಯಾನ್ಸಲ್. 2016ರಲ್ಲಿ ನಡೀತು, ಅಷ್ಟೊತ್ತಿಗೆ ಅಪ್ಪಂಗೆ ಮಂಡಿ ನೋವು, ಶುಗರ್, ವಿಮಾನದಲ್ಲಿ ಅಷ್ಟು ಹೊತ್ತು ಕೂರೋಕಾಗಲ್ಲ. ವಿಡಿಯೋ ಕಾಲಲ್ಲಿ ತೋರ್ಸಿದೆ, "ಎಂಜಿನ್ ಸೌಂಡ್ ಕೇಳ್ತಿಲ್ಲ, ಫೋನ್ ಹತ್ರ ಹಿಡಿಯೇ" ಅಂತಿದ್ರು. ಈಗ ಅವರಿಲ್ಲ. ಜೀವನವಿಡೀ ಬೇರೆಯವರ ಗಾಡಿ ಕಿವಿಯಲ್ಲೇ ಕೇಳಿ ರಿಪೇರಿ ಮಾಡಿದ ಮನುಷ್ಯ, ಅದೊಂದು ನಂಗೆ ಇವತ್ತಿಗೂ ಹೋಗಿಲ್ಲ.

ಬಾನ್‌ವಿಲ್ ನಂಬ್ಕೊಬೇಡ, 2022ರಲ್ಲೂ ಬಯಲಲ್ಲಿ ನೀರು ನಿಂತು ಸ್ಪೀಡ್ ವೀಕ್ ಕ್ಯಾನ್ಸಲ್ ಆಯ್ತು. ಎಲ್ ಮಿರಾಜ್ ಆದ್ರೆ ಹತ್ರಾನೇ, ಕಹೋನ್ ಪಾಸ್ ಅನ್ನೋ ಕಣಿವೆ ದಾರಿ ದಾಟಿದ್ರೆ ಆಯ್ತು, ಆಗಸ್ಟ್ ಬಿಟ್ಟು ಮೇ ಇಂದ ನವೆಂಬರ್‌ವರೆಗೆ ರೇಸ್ ಮೀಟ್ ಇರ್ತಾವೆ. ತಾತನ್ನೂ ಕರ್ಕೊಂಡು ಹೋಗು, ಹಳೇ ಫೋಟೋ ಇದ್ರೆ ತರೋಕೆ ಹೇಳು, ಅಲ್ಲಿ ಗಾಡಿ ಗುರುತು ಹಿಡಿಯೋ ವಯಸ್ಸಾದೋರು ಇನ್ನೂ ಬರ್ತಾರೆ, ಅವರು ಮಾತಾಡೋದು ರೆಕಾರ್ಡ್ ಮಾಡ್ಕೊ. ನೆರಳು ಒಂಚೂರೂ ಇರಲ್ಲ, ಟೋಪಿ, ನೀರು ಜಾಸ್ತಿ ತಾ, ಪುಳಿಯೋಗರೆ ನಾನು ಕಟ್ಟಿ ತರ್ತೀನಿ.