ಬಾಡಿಗೆ ಫ್ಲ್ಯಾಟ್‌ಗೆ ಪೋರ್ಟಬಲ್ ಎಸಿ: ಟನ್ ಆಮೇಲೆ, ಮೊದಲು ಪೈಪ್ ನೋಡಿ

ಮಾಲೀಕರು ಗೋಡೆ ಕೊರೆಯಲು ಬಿಡುವುದಿಲ್ಲ, ಮಲಗುವ ಕೋಣೆ 12ಕ್ಕೆ 10 ಅಡಿ, ಪೋರ್ಟಬಲ್ ಎಸಿ ಒಂದು ಟನ್ ಸಾಕಾ, ಒಂದೂವರೆ ಟನ್ ಬೇಕಾ ಅಂತ ಕೇಳಿದ್ದೀರಿ. ನಾನಿರುವುದೂ ಬಾಡಿಗೆ ಮನೆಯಲ್ಲೇ, ಇಂಥದ್ದೇ ಎಸಿ ಬಳಸುತ್ತಿದ್ದೇನೆ. ನನ್ನ ಪ್ರಕಾರ ಟನ್ ಲೆಕ್ಕ ಆಮೇಲಿನದು. ಮೊದಲು ಬಿಸಿ ಗಾಳಿ ಹೊರಗೆ ಹೋಗುವ ಪೈಪ್ ಎಂಥದ್ದು ನೋಡಿ, ಅದನ್ನು ಕೂರಿಸುವ ಕಿಟಕಿ ಎಂಥದ್ದು ನೋಡಿ.

ಸ್ಪ್ಲಿಟ್ ಎಸಿಯಲ್ಲಿ ಬಿಸಿಯಾಗುವ ಭಾಗ ಮನೆಯ ಹೊರಗಿರುತ್ತದೆ. ಪೋರ್ಟಬಲ್‌ನಲ್ಲಿ ಅದೂ ಕೋಣೆಯೊಳಗೇ. ಒಂದೇ ಪೈಪ್ ಇರುವ ಮಾಡೆಲ್ ಆ ಭಾಗವನ್ನು ತಣಿಸಲು ಕೋಣೆಯ ಗಾಳಿಯನ್ನೇ ಎಳೆದು ಹೊರಗೆ ತಳ್ಳುತ್ತದೆ. ಗಂಟೆಗೆ 300 ಘನ ಮೀಟರ್ ಹೋಗುತ್ತದೆ ಅಂತಿಟ್ಟುಕೊಳ್ಳಿ. ಎತ್ತರವೂ 10 ಅಡಿ ಅಂದುಕೊಂಡರೆ ನಿಮ್ಮ ಕೋಣೆಯಲ್ಲಿರುವ ಗಾಳಿ ಸುಮಾರು 34 ಘನ ಮೀಟರ್. ಅಂದರೆ ಒಂದು ಗಂಟೆಯಲ್ಲಿ ಕೋಣೆ ಎಂಟೊಂಬತ್ತು ಸಲ ಖಾಲಿಯಾದಷ್ಟು ಗಾಳಿ! ಅಷ್ಟು ಹೊರಗೆ ಹೋದರೆ ಅಷ್ಟೇ ಒಳಗೆ ಬರಲೇಬೇಕು ಅಲ್ವಾ? ಬಾಗಿಲ ಕೆಳಗಿನ ಸಂದಿಯಿಂದ, ಕಿಟಕಿಯ ಅಂಚಿನಿಂದ ಬಿಸಿ ಗಾಳಿ ನುಗ್ಗುತ್ತದೆ. ಎಸಿ ಓಡುವಾಗ ಬಾಗಿಲ ಸಂದಿಯ ಹತ್ತಿರ ತೆಳು ಕಾಗದದ ಚೂರು ಹಿಡಿದು ನೋಡಿ, ಕೋಣೆಯ ಕಡೆಗೆ ಬಾಗಿ ಪಟಪಟ ಅನ್ನುತ್ತದೆ.

ಎರಡು ಪೈಪ್‌ನ ಮಾಡೆಲ್‌ನಲ್ಲಿ ಈ ಕಾಟ ಬಹಳ ಕಡಿಮೆ. ಒಂದು ಪೈಪ್ ಹೊರಗಿನ ಗಾಳಿ ಎಳೆದುಕೊಂಡರೆ ಬಿಸಿ ಭಾಗವನ್ನು ತಣಿಸಿ ಬಂದ ಆ ಗಾಳಿಯನ್ನು ಇನ್ನೊಂದು ಹೊರಗೆ ಬಿಡುತ್ತದೆ. ಕೋಣೆಯ ತಂಪು ಕೋಣೆಯಲ್ಲೇ ಉಳಿಯುತ್ತದೆ. ಸಿಕ್ಕರೆ ಇದನ್ನೇ ತಗೊಳ್ಳಿ, ಎರಡು ಮಾತಿಲ್ಲ. ದಪ್ಪ ಪೈಪ್‌ನೊಳಗೆ ಇನ್ನೊಂದು ಪೈಪ್ ಇಟ್ಟಿರುವ ಮಾಡೆಲ್‌ಗಳೂ ಇವೆ, ನೋಡಲು ಒಂದೇ ಅನ್ನಿಸಿದರೂ ಕೆಲಸ ಎರಡರದ್ದು.

ಇನ್ನು ಟನ್. ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು (ಬಿಟಿಯು ಅಂದರೆ ಶಾಖದ ಅಳತೆ). ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ಅಂಕಿಯಲ್ಲಿ ಮೇಲೆ ಹೇಳಿದ ಬಿಸಿ ಗಾಳಿಯ ನಷ್ಟ ಸೇರಿರುವುದಿಲ್ಲ. ಅದನ್ನು ಸೇರಿಸಿದ ಅಂಕಿಗೆ ಅಮೆರಿಕದ ಲೆಕ್ಕದಲ್ಲಿ ಎಸ್‌ಎಸಿಸಿ ಅನ್ನುತ್ತಾರೆ. 14,000 ಅಂತ ಬರೆದ ಎಸಿ ಈ ಲೆಕ್ಕದಲ್ಲಿ 10,000ಕ್ಕೂ ಕೆಳಗೆ ಬರುವುದುಂಟು. ನಿಮ್ಮ ಕೋಣೆ 120 ಚದರ ಅಡಿ, ಎಸ್‌ಎಸಿಸಿ 8,000 ಇದ್ದರೆ ಸಾಕು. ತಾರಸಿಯ ಕೆಳಗಿನ ಕೋಣೆ ಅಥವಾ ಮಧ್ಯಾಹ್ನದ ಬಿಸಿಲು ಹೊಡೆಯುವ ಗೋಡೆ ಆದರೆ ಸ್ವಲ್ಪ ಜಾಸ್ತಿ ಇರಲಿ.

ಈಗ ಕಿಟಕಿಗೆ ಬನ್ನಿ. ಜೊತೆಗೆ ಬರುವ ಕಿಟ್ ಸಾಮಾನ್ಯವಾಗಿ ಸರಿಸುವ ಕಿಟಕಿಗೆ ಮಾಡಿದ್ದು. ಬಾಗಿಲಿನ ಹಾಗೆ ತೆರೆಯುವ ಕಿಟಕಿ ಆದರೆ ಜಿಪ್ ಇರುವ ಬಟ್ಟೆಯ ಸೀಲ್ ಅಂಟಿಸಬೇಕು, ಇಲ್ಲವೇ ಅಕ್ರಿಲಿಕ್ ಹಾಳೆಯನ್ನು ಅಳತೆಗೆ ಕತ್ತರಿಸಿ ಪೈಪ್‌ಗೆ ತೂತು ಮಾಡಬೇಕು. ಪೈಪ್‌ನ ಬಾಯಿ ಸುಮಾರು 15 ಸೆಂ.ಮೀ. ಅಗಲ. ಕಿಟಕಿಗೆ ಸರಳು ಇದ್ದರೆ ಪೈಪ್ ಆಚೆ ತೂರುವುದಿಲ್ಲ, ಬಾಯಿಯನ್ನು ಸರಳಿಗೆ ತಾಗಿಸಿ ನಿಲ್ಲಿಸಿ ಸುತ್ತಲಿನ ಜಾಗ ಮುಚ್ಚಬೇಕು. ಪೈಪ್ ಆದಷ್ಟು ಗಿಡ್ಡವಾಗಿ, ನೇರವಾಗಿ ಇರಲಿ. ಮುಟ್ಟಿ ನೋಡಿದರೆ ಗೊತ್ತಾಗುತ್ತದೆ, ಪೈಪೇ ಒಂದು ಸಣ್ಣ ಹೀಟರ್. ಅದಕ್ಕೆ ಶಾಖ ತಡೆಯುವ ಹೊದಿಕೆ ಸುತ್ತಿದರೆ ಒಳ್ಳೆಯದು. ಉದ್ದ ಸಾಲದು ಅಂತ ಇನ್ನೊಂದು ಪೈಪ್ ಜೋಡಿಸಬೇಡಿ, ಗಾಳಿ ಹೊರಗೆ ಹೋಗಲು ತಿಣುಕಾಡುತ್ತದೆ.

ಒಂದು ಮಾತು ಮಾತ್ರ ದಯವಿಟ್ಟು ಹಗುರವಾಗಿ ತಗೋಬೇಡಿ. ಮನೆಯೊಳಗೆ ಗ್ಯಾಸ್ ಗೀಸರ್ ಇದೆಯಾ? ಒಂದು ಪೈಪ್‌ನ ಎಸಿ ಮನೆಯ ಗಾಳಿಯನ್ನು ಎಳೆಯುತ್ತಲೇ ಇರುವಾಗ, ಗೀಸರ್‌ನ ಹೊಗೆ ಹೊರಗೆ ಹೋಗದೆ ವಾಪಸ್ ಒಳಗೆ ಬರಬಹುದು. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ವಾಸನೆಯೇ ಬರುವುದಿಲ್ಲ, ಜೀವಕ್ಕೆ ಅಪಾಯ. ಅಂಥ ಮನೆಯಲ್ಲಿ ಒಂದು ಪೈಪ್‌ನದ್ದು ಬೇಡವೇ ಬೇಡ.

ಸದ್ದಂತೂ ಇರುತ್ತದೆ. ಕಂಪ್ರೆಸರ್ ನಿಮ್ಮ ಮಂಚದ ಪಕ್ಕದಲ್ಲೇ ಇರುತ್ತದಲ್ಲ! ನಿದ್ದೆ ಸೂಕ್ಷ್ಮ ಆದರೆ ಇನ್ವರ್ಟರ್ ಮಾಡೆಲ್ ನೋಡಿ, ಕೋಣೆ ತಣ್ಣಗಾದ ಮೇಲೆ ನಿಧಾನವಾಗಿ ಓಡುತ್ತದೆ. ಗಾಳಿಯ ತೇವದಿಂದ ಎಸಿಯೊಳಗೆ ಸೇರುವ ನೀರನ್ನು ಹೆಚ್ಚಿನವು ಆವಿ ಮಾಡಿ ಹೊರಗೆ ಬಿಡುತ್ತವೆ, ಆದರೆ ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನಗಳಲ್ಲಿ ಟ್ಯಾಂಕ್ ತುಂಬಿ ಎಸಿ ತಾನೇ ನಿಂತುಬಿಡುತ್ತದೆ. ಡ್ರೇನ್ ಪೈಪ್ ಜೋಡಿಸುವ ಜಾಗ ಎಲ್ಲಿದೆ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ. ಪ್ಲಗ್ ನೇರ ಗೋಡೆಯ ಸಾಕೆಟ್‌ಗೆ, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಪೈಪೇ ಇಲ್ಲದ ‘ಪೋರ್ಟಬಲ್ ಎಸಿ’ ಅಂತ ಯಾರಾದರೂ ಮಾರಿದರೆ ಅದು ಎಸಿ ಅಲ್ಲ, ನೀರಿನ ಕೂಲರ್.

ಇನ್ನೊಂದು, ಕಿಟಕಿಯ ಚೌಕಟ್ಟಿಗೆ ವಿಂಡೋ ಎಸಿ ಕೂರಿಸಲು ಒಪ್ಪುತ್ತಾರಾ ಅಂತ ಮಾಲೀಕರನ್ನು ಒಮ್ಮೆ ಕೇಳಿ ನೋಡಿ. ಗೋಡೆ ಕೊರೆಯಬೇಡಿ ಅಂದವರು ವಿಂಡೋ ಎಸಿ ಬೇಡ ಅಂದಿರಲಿಕ್ಕಿಲ್ಲ. ಒಪ್ಪಿದರೆ ಪೋರ್ಟಬಲ್ ಬಿಟ್ಟುಬಿಡಿ, ಅಷ್ಟೇ ಕರೆಂಟಿನಲ್ಲಿ ವಿಂಡೋ ಎಸಿ ಹೆಚ್ಚು ತಂಪು ಕೊಡುತ್ತದೆ.