ಪ್ರತಿಕ್ರಿಯೆ: ತಾಲ್ಲೂಕು ಆಸ್ಪತ್ರೆಗೆ ಹೆರಿಗೆ ಡಾಕ್ಟರ್ ಇಲ್ಲ, ಮಂತ್ರಿಯನ್ನು ಕೇಳೋರು ಯಾರು?

ಕೇಳಬೇಕಾದವರು ನಿಮ್ಮ ಶಾಸಕರೇ ಸರ್. ಆರೋಗ್ಯ ಸಚಿವರು ಸದನಕ್ಕೆ ಉತ್ತರದಾಯಿ. ಶಾಸಕರು ಸದನದಲ್ಲಿ ಕೇಳುವ ಪ್ರಶ್ನೆ ಎರಡು ಬಗೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬಂದು ಅಲ್ಲಿಗೆ ಮುಗಿಯುತ್ತದೆ; ಚುಕ್ಕೆ ಗುರುತಿನದಾದರೆ ಸಚಿವರು ಎದ್ದು ನಿಂತು ಉಪಪ್ರಶ್ನೆಗಳನ್ನೂ ಎದುರಿಸಬೇಕು. ಹಾಗಾಗಿ ಚುಕ್ಕೆ ಗುರುತಿನದನ್ನೇ ಕೇಳಲು ಹೇಳಿ.

ಪ್ರಶ್ನೆ ಹೇಗಿರುತ್ತೆ ಅನ್ನೋದೇ ಮುಖ್ಯ. ‘ವೈದ್ಯರ ಕೊರತೆ ಸರ್ಕಾರದ ಗಮನಕ್ಕೆ ಬಂದಿದೆಯೇ?’ ಅಂದರೆ ಉತ್ತರದ ಕಾಲಂನಲ್ಲಿ ‘ಬಂದಿದೆ’ ಅಂತ ಒಂದೇ ಪದ. ಅದರಿಂದ ಯಾವ ಬಾಣಂತಿಗೂ ಉಪಯೋಗವಿಲ್ಲ. ಬದಲಿಗೆ ನಿಮ್ಮ ಆಸ್ಪತ್ರೆಯ ಹೆಸರು ಹಾಕಿ, ಸ್ತ್ರೀರೋಗ ತಜ್ಞರ, ಅರಿವಳಿಕೆ ತಜ್ಞರ ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಯಾವಾಗಿನಿಂದ ಖಾಲಿ, ಎಷ್ಟು ಗರ್ಭಿಣಿಯರನ್ನು ಬೇರೆಡೆಗೆ ಕಳಿಸಿದ್ದೀರಿ ಅಂತ ಕೇಳಿಸಿ. ಅರಿವಳಿಕೆಯವರನ್ನು ಬಿಡಬೇಡಿ, ಅವರಿಲ್ಲದೆ ಸಿಸೇರಿಯನ್ ಆಗಲ್ಲ.

‘ಹಂತ ಹಂತವಾಗಿ ಕ್ರಮ ಕೈಗೊಳ್ಳಲಾಗುವುದು’ ಅಂದರೆ ಬಿಡಬಾರದು, ಗಡುವು ಕೇಳಬೇಕು. ಸದನದಲ್ಲಿ ಕೊಟ್ಟ ಮಾತನ್ನು ಹಿಂಬಾಲಿಸೋಕೆ ಭರವಸೆಗಳ ಸಮಿತಿ ಇದೆ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡ ಮೇಲೆ ಅವರಿಗೆ ಡ್ರಿಪ್ ಮೂಲಕ ಹಾಕಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಬಗ್ಗೆ ಬೆಳಗಾವಿ ಅಧಿವೇಶನದಲ್ಲಿ ಚರ್ಚೆಯಾಯಿತು. ಜೀವ ಹೋಗುವ ಮುಂಚೆಯೇ ಕೇಳಿಸಿ ಸರ್. ನಿಮ್ಮದು ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆಯಾದರೆ ಮಾತ್ರ ಪ್ರಶ್ನೆ ವೈದ್ಯಕೀಯ ಶಿಕ್ಷಣ ಸಚಿವರಿಗೆ ಹೋಗಬೇಕು.