ಅಸ್ಥಿಧಾತು ವಿಮಾನ ಹತ್ತಿದಾಗ: ನಾಗರಿಕತೆಯ ನೆಂಟಸ್ತನಕ್ಕೆ ವಿದೇಶಾಂಗ ನೀತಿಯಲ್ಲಿ ಎಷ್ಟು ಬೆಲೆ?

ಪ್ರಶ್ನೆ: ಬುದ್ಧನ ಅವಶೇಷಗಳನ್ನು ಸರ್ಕಾರ ಮಂಗೋಲಿಯಾ, ಥಾಯ್ಲೆಂಡ್, ವಿಯೆಟ್ನಾಂಗೆಲ್ಲ ಕಳಿಸುತ್ತಿದೆ. ಪೂಜೆ, ಮೆರವಣಿಗೆ ಬಿಟ್ಟರೆ ಇದರಿಂದ ದೇಶಕ್ಕೆ ದಕ್ಕುವುದೇನು? (ಧಾರವಾಡದ ಓದುಗರು)

ದಕ್ಕುವುದಿದೆ, ಆದರೆ ಎಲ್ಲರೂ ಹುಡುಕುವ ಜಾಗದಲ್ಲಿ ಅಲ್ಲ. ಮಂಗೋಲಿಯಾ ಒಂದನ್ನೇ ಬಿಡಿಸಿ ನೋಡೋಣ.

ಉತ್ತರ ಪ್ರದೇಶದ ಪಿಪ್ರಾಹ್ವಾದಲ್ಲಿ ಅಗೆದಾಗ ಸಿಕ್ಕ ಅಸ್ಥಿಧಾತುಗಳು (ಬುದ್ಧನದೆಂದು ಪೂಜಿಸುವ ಮೂಳೆಯ ಅವಶೇಷಗಳು) ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. 2022ರ ಜೂನ್‌ನಲ್ಲಿ ಅವುಗಳಲ್ಲಿ ನಾಲ್ಕು ವಾಯುಪಡೆಯ ಸಿ-17 ವಿಮಾನದಲ್ಲಿ ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ಗೆ ಹೋದವು. ತೀರಾ ನಾಜೂಕಾದ್ದರಿಂದ 'ಎಎ' ದರ್ಜೆಗೆ ಸೇರಿದ ಈ ವಸ್ತುಗಳನ್ನು ಪ್ರದರ್ಶನಕ್ಕೆಂದು ಹೊರದೇಶಕ್ಕೆ ಕಳಿಸುವಂತಿಲ್ಲ. ಮಂಗೋಲಿಯಾ ಕೇಳಿಕೊಂಡಿದ್ದಕ್ಕೆ ವಿನಾಯಿತಿ ಕೊಟ್ಟರು. ಕೇಂದ್ರ ಸಚಿವ ಕಿರಣ್ ರಿಜಿಜು ಜೊತೆಗೆ ಹೋದರು, ಅಸ್ಥಿಧಾತುವಿಗೆ ರಾಷ್ಟ್ರದ ಅತಿಥಿಯ ಮರ್ಯಾದೆ ಸಿಕ್ಕಿತು, ಗಂದನ್ ಮಠದಲ್ಲಿ ಜನ ಸಾಲುಗಟ್ಟಿ ದರ್ಶನ ಪಡೆದರು. ಪತ್ರಿಕೆಗಳಲ್ಲಿ ಬಂದದ್ದು ಇಷ್ಟು.

ನಿಜವಾದ ಕೆಲಸ ಅದಕ್ಕಿಂತ ಮೂವತ್ತು ವರ್ಷ ಮೊದಲೇ ಶುರುವಾಗಿತ್ತು. 1990ರಲ್ಲಿ ಭಾರತ ಅಲ್ಲಿಗೆ ರಾಯಭಾರಿಯಾಗಿ ಕಳಿಸಿದ್ದು ವೃತ್ತಿಪರ ಅಧಿಕಾರಿಯನ್ನಲ್ಲ, ಲಡಾಖಿನ ಲಾಮಾ ಕುಶೋಕ್ ಬಕುಲಾ ರಿಂಪೋಚೆಯನ್ನು. ಆಗ ಅಲ್ಲಿ ಕಮ್ಯುನಿಸ್ಟ್ ಏಕಪಕ್ಷ ಆಡಳಿತ ಕುಸಿಯುತ್ತಿತ್ತು. 1930ರ ದಶಕದಲ್ಲಿ ನೆಲಸಮವಾಗಿದ್ದ ಮಠಗಳನ್ನು ಮತ್ತೆ ಕಟ್ಟಬೇಕಿತ್ತು, ಕಲಿಸುವವರು ಇರಲಿಲ್ಲ. ಹತ್ತು ವರ್ಷ ಅವರು ಅಲ್ಲೇ ಉಳಿದು ಉಲಾನ್‌ಬಾತರ್‌ನಲ್ಲಿ ಮಠವನ್ನೂ ಸ್ಥಾಪಿಸಿದರು. ಮುಂದೆ ನಮ್ಮ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಮಂಗೋಲಿಯನ್ ಕಂಜೂರ್ ಎಂಬ ಬೌದ್ಧ ಧರ್ಮಗ್ರಂಥ ಸಂಗ್ರಹದ 108 ಸಂಪುಟಗಳನ್ನು ಮರುಮುದ್ರಿಸಿತು. ಇವು ಕಳೆದುಹೋದದ್ದನ್ನು ತುಂಬಿಕೊಡುವ ಕೆಲಸಗಳು. ಅಸ್ಥಿಧಾತು ಹೋಗಿಬರುತ್ತದೆ, ಗ್ರಂಥ ಅಲ್ಲೇ ಉಳಿಯುತ್ತದೆ. ಎರಡರಲ್ಲಿ ಒಂದನ್ನು ಆರಿಸಿ ಎಂದರೆ ನಮ್ಮ ಮತ ಗ್ರಂಥಕ್ಕೆ.

ಇನ್ನು ಈ ನೆಂಟಸ್ತನ ಎಲ್ಲಿ ಕೈಕೊಡುತ್ತದೆ ನೋಡಿ. 2016ರ ನವೆಂಬರ್‌ನಲ್ಲಿ ದಲಾಯಿ ಲಾಮಾ ಮಂಗೋಲಿಯಾಕ್ಕೆ ಹೋದರು. ಚೀನಾ ಸಾಲದ ಮಾತುಕತೆ ನಿಲ್ಲಿಸಿತು, ಗಡಿ ದಾಟುವ ಸರಕಿನ ಮೇಲೆ ಹೊಸ ಶುಲ್ಕ ಹಾಕಿತು. ಮಂಗೋಲಿಯಾದ ರಫ್ತಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಕೊಳ್ಳುವುದು ಚೀನಾ. ಕಲ್ಲಿದ್ದಲು, ತಾಮ್ರದ ಲಾರಿಗಳಿಗೆ ದಕ್ಷಿಣದ ಗಡಿ ಬಿಟ್ಟರೆ ಗತಿಯಿಲ್ಲ. ಉಲಾನ್‌ಬಾತರ್ ಭಾರತದ ಬೆಂಬಲ ಕೇಳಿತು. 2015ರಲ್ಲೇ ಘೋಷಿಸಿದ್ದ 100 ಕೋಟಿ ಡಾಲರ್ ಸಾಲದ ನೆರವನ್ನು ಬಳಸಿಕೊಳ್ಳಲು ಸಹಕರಿಸುತ್ತೇವೆ ಎಂದಿತು ದೆಹಲಿ. ಆದರೆ ಅದು ಯೋಜನೆಗೆ ಕಟ್ಟಿಟ್ಟ ಹಣ. ನಾಳೆ ಬೆಳಿಗ್ಗೆ ಗಡಿಯಲ್ಲಿ ನಿಂತ ಲಾರಿಗೆ ಉಪಯೋಗಕ್ಕೆ ಬರುವುದಿಲ್ಲ. ಡಿಸೆಂಬರ್‌ನಲ್ಲಿ, ಈ ಸರ್ಕಾರ ಇರುವ ತನಕ ದಲಾಯಿ ಲಾಮಾಗೆ ಆಹ್ವಾನವಿಲ್ಲ ಎಂದು ಅಲ್ಲಿನ ವಿದೇಶಾಂಗ ಸಚಿವರು ಹೇಳಬೇಕಾಯಿತು.

ಆ 100 ಕೋಟಿ ಹೋದದ್ದು ವರ್ಷಕ್ಕೆ 15 ಲಕ್ಷ ಟನ್ ಕಚ್ಚಾತೈಲ ಸಂಸ್ಕರಿಸುವ ಕಾರ್ಖಾನೆಗೆ. ಮಂಗೋಲಿಯಾ ಇಂಧನಕ್ಕೆ ಬಹುಪಾಲು ರಷ್ಯಾವನ್ನೇ ನಂಬಿರುವುದರಿಂದ ಯೋಚನೆ ಸರಿಯಾಗಿಯೇ ಇದೆ. 2018ರಲ್ಲಿ ಶಂಕುಸ್ಥಾಪನೆಯಾದರೂ ಕೆಲಸ ಎಳೆದಾಡುತ್ತಿದೆ, ವೆಚ್ಚ ಏರಿದೆ. ಸಮುದ್ರವಿಲ್ಲದ ದೇಶಕ್ಕೆ ಭಾರಿ ಯಂತ್ರ ಸಾಗಿಸಬೇಕೆಂದರೆ ಚೀನಾ ಇಲ್ಲವೇ ರಷ್ಯಾದ ನೆಲದ ಮೇಲೆಯೇ ಹೋಗಬೇಕು. ಬುದ್ಧ ಬಾಗಿಲು ತೆರೆಸುತ್ತಾನೆ ನಿಜ. ಬಾಗಿಲ ತನಕದ ದಾರಿ ಬೇರೆಯವರದು.

ಪ್ರಶ್ನೆ: ರಷ್ಯಾ, ಚೀನಾ, ಭಾರತ ಎಲ್ಲವೂ ಈಗ "ನಾವು ನಾಗರಿಕತೆಯ ದೇಶ" (ಬರೀ ಗಡಿಯುಳ್ಳ ರಾಷ್ಟ್ರವಲ್ಲ, ಪ್ರಾಚೀನ ನಾಗರಿಕತೆಯೊಂದರ ವಾರಸುದಾರರು) ಎನ್ನುತ್ತಿವೆ. ಸುದ್ದಿ ಓದುವಾಗ ಇದು ಬರೀ ಮಾತೋ, ನಿಜವಾದ ನೀತಿಯೋ ಎಂದು ತಿಳಿಯುವುದು ಹೇಗೆ? (ಮೈಸೂರಿನ ಪದವಿ ವಿದ್ಯಾರ್ಥಿನಿ)

ಮೊದಲು ತಾರೀಖು ನೋಡಿ: ನೆಂಟಸ್ತನ ಮೊದಲೋ, ರಾಜಕೀಯ ನಿರ್ಧಾರ ಮೊದಲೋ. ಕಾಂಬೋಡಿಯಾದ ಅಂಕೋರ್‌ವಾಟ್ ದೇವಾಲಯ ಇದಕ್ಕೆ ಒಳ್ಳೆಯ ಪಾಠ. ಭಾರತೀಯ ಪುರಾತತ್ವ ಸರ್ವೇಕ್ಷಣೆ ಅಲ್ಲಿ 1986ರಿಂದ 1993ರವರೆಗೆ ಸಂರಕ್ಷಣೆಯ ಕೆಲಸ ಮಾಡಿತು. ಪ್ರಾಚೀನ ಸಂಬಂಧ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಆದರೆ ವಿಯೆಟ್ನಾಂ ಬೆಂಬಲದ ಅಲ್ಲಿನ ಫ್ನಾಮ್ ಪೆನ್ ಸರ್ಕಾರಕ್ಕೆ ಭಾರತ 1980ರಲ್ಲೇ ಮಾನ್ಯತೆ ಕೊಟ್ಟಿತ್ತು. ಸೋವಿಯತ್ ಬಣದ ಹೊರಗೆ ಹಾಗೆ ಮಾಡಿದ ದೇಶಗಳು ತೀರಾ ಕಡಿಮೆ. ಉಳಿದವರು ಆ ಸರ್ಕಾರವನ್ನು ಬಹಿಷ್ಕರಿಸಿದ್ದಾಗ ನಮ್ಮ ತಂತ್ರಜ್ಞರಿಗೆ ಬಾಗಿಲು ತೆರೆದಿತ್ತು. ಅಂದರೆ ರಾಜಕೀಯ ಮುಂದೆ ಹೋಯಿತು, ದೇವಾಲಯ ಹಿಂದೆ ಬಂತು. (ಕಲ್ಲಿನ ಮೇಲಿನ ಪಾಚಿ ತೆಗೆಯಲು ರಾಸಾಯನಿಕ ಬಳಸಿದ್ದಕ್ಕೆ ನಮ್ಮವರು ಟೀಕೆಯನ್ನೂ ತಿಂದರು. ಪರಂಪರೆಯ ಹೆಸರಿನಲ್ಲಿ ಹೋದವರ ಕೆಲಸದಲ್ಲಿ ಲೋಪ ಕಂಡರೆ ಹೆಸರೂ ಅಷ್ಟೇ ಬೇಗ ಕೆಡುತ್ತದೆ.) ಹಳೆಯ ನೆಂಟಸ್ತನ ಮುಂದಿನ ನಿಲುವನ್ನೂ ನಿರ್ಧರಿಸುವುದಿಲ್ಲ: ಅದೇ ಕಾಂಬೋಡಿಯಾ 2012ರ ಜುಲೈನಲ್ಲಿ ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟ) ಸಭೆಯ ಅಧ್ಯಕ್ಷತೆ ವಹಿಸಿದ್ದಾಗ, ದಕ್ಷಿಣ ಚೀನಾ ಸಮುದ್ರದ ವಿಷಯದಲ್ಲಿ ಒಮ್ಮತವಾಗದೆ, 45 ವರ್ಷಗಳಲ್ಲೇ ಮೊದಲ ಬಾರಿಗೆ ಜಂಟಿ ಹೇಳಿಕೆ ಹೊರಬೀಳಲಿಲ್ಲ.

ಆಮೇಲೆ, ಗುರುತಿಗೂ ಹಿತಾಸಕ್ತಿಗೂ ಜಗಳ ಬಿದ್ದ ಒಂದು ಸಂದರ್ಭ ಹುಡುಕಿ. ಎರಡೂ ಒಂದೇ ದಿಕ್ಕಿಗೆ ಎಳೆಯುತ್ತಿರುವಾಗ ಗಾಡಿ ಎಳೆದದ್ದು ಯಾವ ಎತ್ತು ಎಂದು ಗೊತ್ತಾಗುವುದಿಲ್ಲ. ಇರಾನ್ ಮತ್ತು ಅಜೆರ್ಬೈಜಾನ್ ಎರಡೂ ಷಿಯಾ ಬಹುಸಂಖ್ಯಾತ ದೇಶಗಳು, ಇರಾನ್ ಅಂತೂ ಷಿಯಾ ಧರ್ಮಗುರುಗಳ ಆಡಳಿತ. ಆದರೂ ಇರಾನ್ ದಶಕಗಳಿಂದ ಹೆಚ್ಚು ಹತ್ತಿರವಿರುವುದು ಕ್ರೈಸ್ತ ಅರ್ಮೇನಿಯಾಕ್ಕೆ. ಇರಾನಿನ ವಾಯವ್ಯ ಭಾಗದಲ್ಲಿ ಅಜೆರಿ ಮಾತಾಡುವ ದೊಡ್ಡ ಜನಸಮುದಾಯವಿದೆ, ಅಜೆರ್ಬೈಜಾನ್ ಆಯುಧ ಕೊಳ್ಳುವುದು ಇಸ್ರೇಲಿನಿಂದ. ಈ ಎರಡು ಭಯಗಳ ಮುಂದೆ ಮತಬಾಂಧವ್ಯ ನಿಲ್ಲಲಿಲ್ಲ.

ಹಾಗೆಂದು ಮಾತಿಗೆ ಬೆಲೆಯೇ ಇಲ್ಲ ಎಂದಲ್ಲ. 2023ರ ಮಾರ್ಚ್ 31ರ ರಷ್ಯಾದ ವಿದೇಶಾಂಗ ನೀತಿ ದಾಖಲೆ ತನ್ನನ್ನು ನಾಗರಿಕತೆಯ ದೇಶ ಎಂದು ಕರೆದುಕೊಳ್ಳುತ್ತದೆ. ಇಂಥ ದಾಖಲೆ ಓದುವಾಗ "ನಮ್ಮವರು" ಎಂಬ ಪದದೊಳಗೆ ಯಾರನ್ನು ಸೇರಿಸಿದ್ದಾರೆ ಎಂದು ಗುರುತು ಹಾಕಿಕೊಳ್ಳಿ. ಗಡಿಯಾಚೆಯ ಜನರನ್ನೂ ಸೇರಿಸಿದ್ದರೆ, ಅಪಾಯ ಇರುವುದು ಆ ಗಡಿಯಲ್ಲೇ.

ಪ್ರಶ್ನೆ: ನೇಪಾಳಕ್ಕಿಂತ ಹತ್ತಿರದ ಸಂಸ್ಕೃತಿ ನಮಗೆ ಇನ್ನೊಂದಿಲ್ಲ. ಆದರೂ ಅಲ್ಲೇ ಯಾಕೆ ಹೆಚ್ಚು ಕಿರಿಕಿರಿ? (ಮಂಗಳೂರಿನ ಓದುಗರು)

ಹತ್ತಿರದವರಾದ್ದಕ್ಕೇ. ದೂರದವರಿಗೆ "ನಾವಿಬ್ಬರೂ ಒಂದೇ" ಎಂಬ ಮಾತು ಗೌರವ. ಪಕ್ಕದ ಸಣ್ಣ ಮನೆಗೆ ಅದು "ನೀನು ನಮ್ಮೊಳಗೇ" ಎಂದು ಕೇಳಿಸುತ್ತದೆ. 2020ರ ಆಗಸ್ಟ್‌ನಲ್ಲಿ ವಿದೇಶಾಂಗ ಸಚಿವ ಜೈಶಂಕರ್ ಬುದ್ಧನನ್ನು ಮಹಾನ್ ಭಾರತೀಯರ ಸಾಲಿಗೆ ಸೇರಿಸಿ ಮಾತಾಡಿದಾಗ ಕಠ್ಮಂಡು ತಕ್ಷಣ ಆಕ್ಷೇಪಿಸಿತು. ಬುದ್ಧ ಹುಟ್ಟಿದ್ದು ನೇಪಾಳದ ಲುಂಬಿನಿಯಲ್ಲಿ, ಅದರಲ್ಲಿ ಸಂಶಯವಿಲ್ಲ ಎಂದು ನಮ್ಮ ಸಚಿವಾಲಯ ಸ್ಪಷ್ಟನೆ ಕೊಟ್ಟಿತು. 2023ರಲ್ಲಿ ಹೊಸ ಸಂಸತ್ ಭವನದ ಭಿತ್ತಿಚಿತ್ರದಲ್ಲಿ ಲುಂಬಿನಿಯೂ ಸೇರಿರುವುದನ್ನು ಕಂಡು ಮತ್ತೆ ಗದ್ದಲ. ಅದು ಅಶೋಕನ ಸಾಮ್ರಾಜ್ಯದ ಚಿತ್ರ ಎಂದು ವಿವರಿಸಬೇಕಾಯಿತು.

2022ರ ಬುದ್ಧಪೂರ್ಣಿಮೆಯ ದಿನವನ್ನೂ ಗಮನಿಸಿ. ಲುಂಬಿನಿ ಬಳಿ ಚೀನೀ ಕಂಪನಿ ಕಟ್ಟಿದ ಭೈರಹವಾ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು ಅಂದೇ. ಪ್ರಧಾನಿ ಮೋದಿ ಅದೇ ದಿನ ಲುಂಬಿನಿಗೆ ಹೋದರು, ಆದರೆ ಆ ನಿಲ್ದಾಣದಲ್ಲಿ ಇಳಿಯದೆ ಕುಶೀನಗರದಿಂದ ಹೆಲಿಕಾಪ್ಟರ್‌ನಲ್ಲಿ.

ಪ್ರಶ್ನೆ: ನಮ್ಮ ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೂ ಇದಕ್ಕೂ ಸಂಬಂಧವಿದೆಯೇ? (ಶಿರಸಿಯ ಓದುಗರು)

ಇದೆ. ಅಲ್ಲಿನ ಡ್ರೆಪುಂಗ್ ಗೊಮಾಂಗ್ ಮಠಕ್ಕೆ ಮಂಗೋಲಿಯಾ ಮತ್ತು ರಷ್ಯಾದ ಬೌದ್ಧ ಪ್ರಾಂತ್ಯಗಳಾದ ಕಲ್ಮಿಕಿಯಾ, ಬುರ್ಯಾಟಿಯಾಗಳಿಂದ ಭಿಕ್ಷುಗಳು ಓದಲು ಬರುವ ಹಳೆಯ ರೂಢಿಯಿದೆ. ಕಲ್ಮಿಕಿಯಾದ ಮುಖ್ಯ ಲಾಮಾ ಆಗಿದ್ದ ತೆಲೋ ತುಲ್ಕು ರಿಂಪೋಚೆ ಓದಿದ್ದು ಇದೇ ಮಠದಲ್ಲಿ. ಅವರು ಉಕ್ರೇನ್ ಯುದ್ಧ ತಪ್ಪು ಎಂದರು; 2023ರ ಜನವರಿಯಲ್ಲಿ ರಷ್ಯಾ ಅವರನ್ನು "ವಿದೇಶಿ ಏಜೆಂಟ್" ಎಂದು ಘೋಷಿಸಿತು, ಅವರು ಪೀಠ ಬಿಟ್ಟರು. 2025ರ ಅಕ್ಟೋಬರ್‌ನಲ್ಲಿ ಭಾರತದ ಅಸ್ಥಿಧಾತು ಕಲ್ಮಿಕಿಯಾದ ರಾಜಧಾನಿ ಎಲಿಸ್ತಾಕ್ಕೆ ದರ್ಶನಕ್ಕೆ ಹೋಯಿತು. ಎರಡೂ ಸರ್ಕಾರಗಳು ಅದಕ್ಕೆ ಖುಷಿಯಿಂದಲೇ ಒಪ್ಪಿದವು.